ಗಾಡಿ ನಂಬರ್ ತಪ್ಪಿತ್ತು, ಆರು ತಿಂಗಳೂ ದಾಟ್ಯಾವ, ಕ್ಲೇಮ್ ಕೇಸ್ ಮುಗೀತೇನ್ರಿ?

ಪ್ರಶ್ನೆ: ವಕೀಲ್ರೀ, ನಾವು ಬೀದರ್ ಜಿಲ್ಲಾ ಭಾಲ್ಕಿ ತಾಲೂಕಿನವ್ರು. ನಮ್ಮಣ್ಣ ಗೌಂಡಿ ಕೆಲಸ ಮಾಡ್ತಿದ್ದ. ಎಂಟು ತಿಂಗಳ ಹಿಂದ ಕಮಲನಗರ ದಾಟಿ ಉದಗೀರ್ ರೋಡಿನಾಗ ಬೈಕ್ ಮ್ಯಾಲ ಬರೋವಾಗ ಬಿಳಿ ಪಿಕಪ್ ಗಾಡಿ ಬಡದು ನಿಲ್ಲದೇ ಹೋಯ್ತು, ಅಣ್ಣ ಜಾಗಾದಾಗೇ ಹೋದ. ಆಡು ಕಾಯೋ ಮುದುಕಪ್ಪ ಒಬ್ರು ನಂಬರ್ ನೋಡಿದ್ರು, ಅದೇ ನಂಬರ್ ಎಫ್‌ಐಆರ್‌ನಾಗ ಬಂತು, ಮಹಾರಾಷ್ಟ್ರ ಪಾಸಿಂಗ್. ನಾಲ್ಕನೇ ತಿಂಗಳಿಗೇ ಬೀದರ್‌ನಾಗ ಕ್ಲೇಮ್ ಹಾಕಿದ್ವಿ. ಈಗ ಆ ಮಾಲಕ ಕೋರ್ಟಿಗ ಬಂದು, ನಂದು ಪಿಕಪ್ ಅಲ್ಲ ಕಾರ್, ಆ ದಿನ ಲಾತೂರಿನ ಗ್ಯಾರೇಜಿನಾಗಿತ್ತು ಅಂತಾನ. ಪೊಲೀಸರೂ ಮೊನ್ನೆ ಚಾರ್ಜ್‌ಶೀಟಿನಾಗ ಬ್ಯಾರೆ ಗಾಡಿ ಹಾಕ್ಯಾರ, ಒಂದೇ ಅಂಕಿ ಫರಕ್, ಮೊದಲು 1 ಇದ್ದಲ್ಲಿ ಈಗ 9. ಇನ್ಶೂರೆನ್ಸ್ ಕಡೆ ವಕೀಲರು ಆರು ತಿಂಗಳು ಮುಗದಾವ, ಹೊಸಬರನ್ನ ಸೇರಿಸಕ್ಕ ಬರಂಗಿಲ್ಲ ಅಂತಾರ. ಊರಾಗ ತಿಳದವ್ರು ಒಬ್ರು ಹಳೇದು ವಾಪಸ್ ತಗೊಂಡು ಹೊಸದು ಹಾಕ್ರಿ ಅಂತಾರ. ವೈನಿ, ಎರಡು ಸಣ್ಣ ಮಕ್ಕಳು, ಅವ್ವ ಅದಾರ. ಪೊಲೀಸರು ತಡ ಮಾಡಿದ್ದಕ್ಕ ನಾವ್ಯಾಕ ಕಳ್ಕೋಬೇಕ್ರಿ?

ಉತ್ತರ: ಅಣ್ಣಾರ ಸುದ್ದಿ ಓದಿ ಭಾಳ ಕೆಟ್ಟನಿಸ್ತು. ಮೊದಲು ಇದೊಂದು ಕೇಳ್ರಿ, ಉಳಿದದ್ದು ಆಮ್ಯಾಲ. ಹಳೇ ಅರ್ಜಿ ವಾಪಸ್ ತಗೊಳ್ಳೋ ಮೆಮೋಕ್ಕ ವೈನಿಯವ್ರ ಸಹಿ ಇನ್ನೂ ಆಗಿಲ್ಲಂದ್ರ ಮಾಡಿಸಬ್ಯಾಡ್ರಿ, ಆಗಿದ್ರ ಅದನ್ನ ಕೋರ್ಟಿಗ ಹೋಗಕ್ಕ ಬಿಡಬ್ಯಾಡ್ರಿ. ಊರಾಗ ಹೇಳಿದವ್ರು ಒಳ್ಳೆ ಮನಸ್ಸಿಲೇನೇ ಹೇಳಿರಬೇಕು, ಆದ್ರ ನಿಮ್ಮ ಕಡೆ ಇವತ್ತು ಇರೋ ಬಂಗಾರ ಅಂದ್ರ ಆ ಹಳೇ ಅರ್ಜೀನೇ, ಅದು ನಾಲ್ಕನೇ ತಿಂಗಳಿನಾಗ ಕೋರ್ಟಿನ ಸೀಲ್ ಬಿದ್ದ ಅರ್ಜಿ. ಅದನ್ನ ವಾಪಸ್ ತಗೊಂಡು ಎಂಟನೇ ತಿಂಗಳಿಗ ಹೊಸದು ಹಾಕಿದ್ರಿ ಅಂದ್ರ, ಇಲ್ಲದ ತಕರಾರನ್ನ ನೀವೇ ಕೈಯಾರೆ ಮಾಡಿ ಎದುರಿನವ್ರಿಗ ಕೊಟ್ಟಂಗಾಯ್ತು. ಅದ್ರ ಮ್ಯಾಲ, ಹೊಸದು ಹಾಕಕ್ಕ ಪರವಾನಗಿ ಬರಸ್ಕೊಳ್ಳದೇ ವಾಪಸ್ ತಗೊಂಡ್ರ ಒಮ್ಮೆ ಬಿಟ್ಟ ಕೇಸ್ ಮತ್ತ ಹಾಕಕ್ಕ ಬರಂಗಿಲ್ಲ ಅನ್ನೋ ಸಿವಿಲ್ ಪ್ರೊಸೀಜರ್ ಕೋಡ್ ಆರ್ಡರ್ 23ರ ತಕರಾರು ಬ್ಯಾರೆ ಬರ್ತದ.

ಈ ಆರು ತಿಂಗಳ ಕಥಿ ಹೆಂಗ ಬಂತು ಅಂದ್ರ, 1988ರ ಮೋಟಾರು ವಾಹನ ಕಾಯ್ದೆಯೊಳಗ ಮೊದಲಿಗೇ 166(3) ಅಂತ ಗಡುವಿತ್ತು, ಆರು ತಿಂಗಳು, ತಕ್ಕ ಕಾರಣ ತೋರಿಸಿದ್ರ ಅಪಘಾತದ ದಿನದಿಂದ ಒಂದು ವರ್ಷದ ತನಕ ಮಾಫಿ ಮಾಡಬಹುದಿತ್ತು. 1994ರ ತಿದ್ದುಪಡಿಯೊಳಗ ಅದನ್ನ ಪೂರಾ ತಗದು ಹಾಕಿದ್ರು, ಆ ವರ್ಷ ನವೆಂಬರ್ 14ರಿಂದ ಕ್ಲೇಮ್ ಕೇಸಿಗ ಲಿಮಿಟೇಶನ್, ಅಂದ್ರ ಕೇಸ್ ಹಾಕೋ ಗಡುವು, ಅನ್ನೋ ಮಾತೇ ಉಳೀಲಿಲ್ಲ. ನಾನು ಕಲಬುರಗಿಯೊಳಗ ಕರಿ ಕೋಟ್ ಹಾಕ್ಕೊಂಡಾಗ ನಮ್ಮ ಸೀನಿಯರ್ರು ಮೂರು ವರ್ಷದ ಹಳೇ ಆಕ್ಸಿಡೆಂಟನ್ನೂ ಧೈರ್ಯದಿಂದ ಹಾಕ್ತಿದ್ರು, ಯಾರೂ ಕೇಳ್ತಿರಲಿಲ್ಲ. 2019ರ ತಿದ್ದುಪಡಿ ಆ ಗಡುವನ್ನ ಮತ್ತ ಎಬ್ಬಿಸಿ ತಂತು, 2022ರ ಏಪ್ರಿಲ್ 1ರಿಂದ ಜಾರಿ, ಈ ಸಲ ಮಾಫಿ ಮಾಡೋ ಸಾಲು ಬಿಟ್ಟೇ ಬಿಟ್ರು. ಬಡವ್ರ ಮನ್ಯಾಗ ಸಾವಾದ್ರ ಮೊದಲ ಮೂರು ತಿಂಗಳು ಸಾಲಗಾರರನ್ನ ಸಂಭಾಳಸೋದ್ರಾಗೇ ಹೋಗ್ತಾವ, ಆ ಗಡುವು ಬರ್ದವ್ರು ಇದನ್ನ ನೋಡಿಲ್ಲ ಅಂತ ನನಗನಿಸ್ತದ. ಅದಕ್ಕ ದೇಶದಾಗ ಅಲ್ಲಲ್ಲಿಂದ ಆ ಕಲಮನ್ನೇ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗ ಹೋದ್ರು, 2025ರ ನವೆಂಬರ್‌ನಾಗ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, 166(3)ರ ಗಡುವು ಮೀರ್ಯಾದ ಅನ್ನೋ ಒಂದೇ ಕಾರಣಕ್ಕ ಟ್ರಿಬ್ಯುನಲ್‌ಗಳು, ಅಂದ್ರ ಕ್ಲೇಮ್ ಕೇಸ್ ನಡಸೋ ಕೋರ್ಟುಗಳು, ಅರ್ಜಿ ವಜಾ ಮಾಡಬಾರದು ಅಂತ ಹೇಳ್ತು. ಇದು ಕೊನೇ ತೀರ್ಪಲ್ಲ ನೆನಪಿರಲಿ, ಅದ್ರ ಮ್ಯಾಲೇ ಪೂರಾ ಭಾರ ಹಾಕಿ ಕುಂಡ್ರಬ್ಯಾಡ್ರಿ, ನಿಮ್ಮ ವಕೀಲರಿಗ ಆ ಆದೇಶದ ಇವತ್ತಿನ ಸ್ಥಿತಿ ನೋಡಿ ಪ್ರತಿ ಹಾಜರು ಮಾಡಕ್ಕ ಹೇಳ್ರಿ.

ಆದ್ರ ನಿಮ್ಮ ಕೇಸಿಗ ಆ ಆದೇಶದ ಆಸರಾನೂ ಅಷ್ಟು ಬೇಕಾಗಿಲ್ಲ. 166(3)ರ ಮಾತು ಓದಿ ನೋಡ್ರಿ, ಅಪಘಾತ ಆಗಿ ಆರು ತಿಂಗಳೊಳಗ ಅರ್ಜಿ ಆಗಿರಬೇಕು ಅಂತದ, ಎದುರುಗಾರ ಯಾರು, ಅವ್ನ ಹೆಸರು ಯಾವಾಗ ಸೇರ್ತು ಅನ್ನೋದು ಅದ್ರಾಗಿಲ್ಲ. ಅರ್ಜಿ ಆಗ್ಯಾದ, ಟೈಮಿಗ ಆಗ್ಯಾದ. ಈಗ ನಡ್ಯೋದು ಅದೇ ಅರ್ಜಿಯ ತಿದ್ದುಪಡಿ. ಎದುರಿನವ್ರು ಅಷ್ಟಕ್ಕ ಸುಮ್ನಿರಂಗಿಲ್ಲ, ಲಿಮಿಟೇಶನ್ ಕಾಯ್ದೆಯ 21ನೇ ಕಲಮು ತಗೀತಾರ, ಕೇಸ್ ನಡ್ಯೋವಾಗ ಹೊಸಬರನ್ನ ಸೇರಿಸಿದ್ರ ಅವ್ರ ಮಟ್ಟಿಗ ಕೇಸ್ ಹುಟ್ಟಿದ್ದು ಸೇರಿಸಿದ ದಿನಾನೇ ಅಂತ ಅದು ಹೇಳ್ತದ, ಖರೆ. ಆದ್ರ ಅದೇ ಕಲಮಿಗ ಒಂದು ಬಾಲ ಅದ, ಬಿಟ್ಟು ಹೋಗಿದ್ದು ಪ್ರಾಮಾಣಿಕ ತಪ್ಪಿನಿಂದ ಅಂತ ಕೋರ್ಟಿಗ ಮನವರಿಕೆ ಆದ್ರ ಹಿಂದಿನ ತಾರೀಖಿನಿಂದಲೇ ಕೇಸ್ ಹಾಕಿದಂಗ ಅಂತ ಆರ್ಡರ್ ಮಾಡಬಹುದು. ಸಹಜವಾಗಿ ಎದುರಿನ ವಕೀಲರು ಆ ಬಾಲ ಓದಂಗಿಲ್ಲ, ನಿಮ್ಮವ್ರೇ ಓದಬೇಕು. ಪೊಲೀಸರ ಎಫ್‌ಐಆರ್ ನಂಬಿ ಅರ್ಜಿ ಹಾಕಿದ್ದಕ್ಕಿಂತ ಪ್ರಾಮಾಣಿಕ ತಪ್ಪು ಇನ್ನೇನದ ಹೇಳ್ರಿ?

ಹಂಗಂತ ಆರಾಮಾಗಿ ಕುಂಡ್ರೋ ಮಾತಲ್ಲ. ಪ್ರಾಮಾಣಿಕ ತಪ್ಪು ಅನ್ನೋದಕ್ಕ ಆಯುಷ್ಯ ಕಮ್ಮಿ, ಖರೇ ನಂಬರ್ ಗೊತ್ತಾದ ದಿನದಿಂದ ಅದು ಕರಗಕ್ಕ ಶುರು ಆಗ್ತದ. ಚಾರ್ಜ್‌ಶೀಟ್ ಬಂದು ಎರಡು ವಾರದೊಳಗ ಐಎ, ಅಂದ್ರ ನಡ್ಯೋ ಕೇಸಿನೊಳಗಿನ ಮಧ್ಯಂತರ ಅರ್ಜಿ, ಹಾಕಿದವ್ರಿಗೂ ಎರಡು ವರ್ಷ ಬಿಟ್ಟು ಹಾಕಿದವ್ರಿಗೂ ಜಡ್ಜ್ ಸಾಹೇಬ್ರು ಒಂದೇ ಕಣ್ಣಿಲೆ ನೋಡಂಗಿಲ್ಲ. ಹಾಕಬೇಕಾದ್ದು ಎರಡು. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 1 ರೂಲ್ 10ರಡಿ ಹೊಸ ಮಾಲಕನನ್ನ, ಅವನ ಇನ್ಶೂರೆನ್ಸ್ ಕಂಪನಿಯನ್ನ ಪಾರ್ಟಿ ಮಾಡೋದು ಒಂದು, ಆರ್ಡರ್ 6 ರೂಲ್ 17ರಡಿ ಅರ್ಜಿಯೊಳಗಿನ ಗಾಡಿ ನಂಬರ್, ಗಾಡಿ ಜಾತಿ, ಅಪಘಾತದ ವರ್ಣನೆ ತಿದ್ದೋದು ಇನ್ನೊಂದು. ಭಾಳ ಮಂದಿ ಮೊದಲಿಂದು ಹಾಕಿ ಎರಡನೇದು ಮರೀತಾರ, ಆಮ್ಯಾಲ ಪಾರ್ಟಿ ಹೊಸಬ, ಒಳಗಿನ ಗಾಡಿ ಮಾತ್ರ ಹಳೇದು, ಜಡ್ಜ್‌ಮೆಂಟ್ ಬರ್ಯೋವಾಗ ಪಜೀತಿ. ಇನ್ನೊಂದು, ಐಎ ಅಲೋ ಆಯ್ತು ಅಂತ ಪೇಢಾ ಹಂಚಿ ಮನಿಗ ಹೋಗಬ್ಯಾಡ್ರಿ. ಆರ್ಡರ್ ಆದ ಮ್ಯಾಲ ತಿದ್ದುಪಡಿಯನ್ನ ಖುದ್ದು ಅರ್ಜಿಯೊಳಗ ಬರೀಬೇಕು, ಕೋರ್ಟ್ ಟೈಮ್ ಕೊಟ್ಟಿದ್ರ ಅಷ್ಟರೊಳಗ, ಕೊಡದಿದ್ರ 14 ದಿನದೊಳಗ, ಇಲ್ಲಂದ್ರ ಮತ್ತ ಕೋರ್ಟಿನ ಪರವಾನಗಿ ಕೇಳ್ಕೊಂಡು ನಿಲ್ಲಬೇಕು. ಆರ್ಡರ್ 6 ರೂಲ್ 18, ಸಣ್ಣ ರೂಲು, ಕಾಡೋದು ಭಾಳ.

ಹಳೇ ಮಾಲಕನನ್ನ, ಅವನ ಕಂಪನಿಯನ್ನ ಈಗಲೇ ಬಿಡಬ್ಯಾಡ್ರಿ. ಅಂವ ಪಾಪ ಯಾರೋ, ಸುಮ್ನ ಲಾತೂರಿನಿಂದ ಬೀದರ್‌ಗ ಅಲೀತಾನ, ನನಗೂ ಮರುಕ ಅದ. ಆದ್ರ ಹೊಸ ಮಾಲಕ ಬಂದು, ಹೌದ್ರಿ ನಂದೇ ಗಾಡಿ ಅಂತಾನೋ, ಇಲ್ಲಾ ಅಂವನೂ ಗ್ಯಾರೇಜಿನ ಕಥಿ ಹೇಳ್ತಾನೋ ಅಂತ ಗೊತ್ತಾಗೋ ತನಕ ಇಬ್ಬರೂ ಫೈಲಿನಾಗಿರಲಿ. ಹಳಬನ ಆರ್‌ಸಿ ಪ್ರತಿ, ಗ್ಯಾರೇಜ್ ಬಿಲ್ಲು ಎರಡೂ ನಿಮಗ ಉಪಯೋಗದ ಕಾಗದ. ಎಫ್‌ಐಆರ್ ನಂಬರ್ ತಪ್ಪಿತ್ತು ಅಂತ ತೋರಿಸಕ್ಕ ಅವಕ್ಕಿಂತ ಗಟ್ಟಿ ಸಾಕ್ಷಿ ಎಲ್ಲಿ ಹುಡುಕ್ತೀರಿ? ಎಲ್ಲಾ ಸ್ಪಷ್ಟ ಆದ ಮ್ಯಾಲ ಒಂದು ಮೆಮೋ ಕೊಟ್ಟು ಗೌರವದಿಂದ ಬಿಡ್ರಿ.

ಈಗ ನಿಮ್ಮ ಕೇಸಿನ ಖರೇ ಗಂಡಾಂತರ ಎಲ್ಲದ ಅಂದ್ರ, ಆರು ತಿಂಗಳಿನಾಗಿಲ್ಲ, ಆ 1 ಹೋಗಿ 9 ಆದದ್ರಾಗ ಅದ. ಇನ್ಶೂರೆನ್ಸ್‌ನವ್ರು ಲಿಮಿಟೇಶನ್ ಮಾತು ಮುಂದ ಮಾಡ್ತಾರ, ಕೊನೀಗ ಹೊಡ್ಯೋದು ಮಾತ್ರ ಗಾಡಿ ಸೆಟ್ ಮಾಡ್ಯಾರ ಅನ್ನೋ ಮಾತಿಲೆ. ಅಂದ್ರ ಬಡದ ಗಾಡಿ ಸಿಗಲಿಲ್ಲ, ಇಲ್ಲಾ ಸಿಕ್ಕ ಗಾಡಿಗ ಇನ್ಶೂರೆನ್ಸ್ ಇರಲಿಲ್ಲ, ಅದಕ್ಕ ಪರಿಚಯದವ್ರ ಇನ್ಶೂರೆನ್ಸ್ ಇರೋ ಗಾಡಿ ತಂದು ನಿಲ್ಲಿಸ್ಯಾರ ಅನ್ನೋ ಆರೋಪ. ಸುಳ್ಳು ಹೇಳಬಾರದು, ಅಂಥ ಕೇಸು ನಡದಾವ, ಅದಕ್ಕೇ ಅವ್ರಿಗ ಅನುಮಾನ. ನಂಬರ್ ಬದಲಾದ ಕೇಸ್ ಬಂತು ಅಂದ್ರ ಅವ್ರ ಇನ್ವೆಸ್ಟಿಗೇಟರ್ ಊರಿಗ ಬಂದು ಚಹಾದಂಗಡ್ಯಾಗ ಕುಂತು ನಿಮಗೂ ಆ ಮಾಲಕನಿಗೂ ಏನರ ಸಂಬಂಧ ಅದೇನು ಅಂತ ವಿಚಾರಿಸ್ತಾನ. ಇದಕ್ಕ ಉತ್ತರ ಒಂದೇ, ಆ ಅಂಕಿ ಹೆಂಗ ಬದಲಾಯ್ತು ಅನ್ನೋದನ್ನ ಕೂಸಿಗೂ ತಿಳಿಯೋ ಹಂಗ ತೋರಿಸಬೇಕು.

ಅದಕ್ಕೇ ನಿಮಗೊಂದು ಪ್ರಶ್ನೆ ಕೇಳ್ತೀನಿ, ಆಡು ಕಾಯೋ ಆ ಮುದುಕಪ್ಪ ಸಾಲಿ ಕಲ್ತಿದ್ದು ಯಾವ ಭಾಷೆಯೊಳಗ? ಕಮಲನಗರ, ಔರಾದ್, ಭಾಲ್ಕಿ ಕಡೆ ಹಿರೇರು ಮರಾಠಿ ಸಾಲ್ಯಾಗ ಕಲ್ತವ್ರು ಎಷ್ಟೋ ಮಂದಿ ಅದಾರ. ಮರಾಠಿ ಒಂದು ಹೆಂಗ ಬರೀತಾರ ನೆನಪು ಮಾಡ್ಕೋರಿ, ಮ್ಯಾಲ ಒಂದು ಸುತ್ತು, ಕೆಳಗ ಬಾಲ, ಥೇಟ್ ಇಂಗ್ಲಿಷ್ 9ರಂಗ. ಮರಾಠಿ ಅಂಕಿ ಮಾತ್ರ ಬರೋ ಮನುಷ್ಯ ಪ್ಲೇಟ್ ಮ್ಯಾಲಿನ ಇಂಗ್ಲಿಷ್ 9 ನೋಡಿದ್ರ ಬಾಯಿಲೆ ಏಕ್ ಅಂತಾನ, ಠಾಣೆಯೊಳಗ ರೈಟರ್ ಅದನ್ನ ಒಂದು ಅಂತ ಬರ್ಕೋತಾರ, ಇಬ್ಬರದೂ ತಪ್ಪಿಲ್ಲ, ನಂಬರ್ ಮಾತ್ರ ತಪ್ಪು. ಉಲ್ಟಾನೂ ಆಗ್ತದ, ಗಡಿಯಾಚೆಯಿಂದ ಬರೋ ಕೆಲವು ಗಾಡಿಗಳ ಹಿಂದ ಮರಾಠಿ ಅಂಕಿ ಬರಸಿರ್ತಾರ, ನಮ್ಮವ್ರು ಅದನ್ನ ಇಂಗ್ಲಿಷ್ ಅಂತ ಓದ್ತಾರ, ಮರಾಠಿ ಐದು ಇಂಗ್ಲಿಷ್ 4ರಂಗ ಕಾಣ್ತದ. ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದ ಪ್ರಕಾರ ಅಕ್ಷರ ಇಂಗ್ಲಿಷ್, ಅಂಕಿ 1, 2, 3 ಇವೇ ಇರಬೇಕು, ಆದ್ರ ಪಿಕಪ್ಪಿನ ಹಿಂದಿನ ಹಲಗಿ ಮ್ಯಾಲ ಪೇಂಟರ್ ಬರ್ದದ್ದನ್ನ ಯಾರು ನೋಡ್ತಾರ. ಹಿಂದೊಮ್ಮೆ ನನ್ನದೇ ಒಂದು ಕೇಸಿನಾಗ ಸಾಕ್ಷಿದಾರ ಅಜ್ಜ ಒಬ್ರು ಬಾಯಿಲೆ ಒಂದೊಂದು ಸಲ ಒಂದೊಂದು ನಂಬರ್ ಹೇಳಿ ಎದುರಿನವ್ರಿಗ ನಗಿ ತರಿಸಿದ್ರು. ಕೊನೀಗ ನಾನು, ಹೇಳಬ್ಯಾಡ್ರಿ ಅಜ್ಜಾರ, ಕಂಡದ್ದು ಕಂಡಂಗ ಬರ್ದು ತೋರಿಸ್ರಿ ಅಂತ ಕಾಗದ ಪೆನ್ನು ಕೊಡಸಿದೆ. ಅವ್ರು ಎರಡೂ ಕೈಲೆ ಪೆನ್ನು ಹಿಡದು ನಿಧಾನಕ್ಕ ತಿರುವಿ ತಿರುವಿ ಒಂದೊಂದೇ ಅಂಕಿ ತಗದ್ರು, ಕಾಗದ ಕೈಯಿಂದ ಕೈಗ ಹೋಯ್ತು, ನಗೋ ಮಂದಿ ಸುಮ್ನಾದ್ರು. ಬಾಯಿ ಹೇಳಿದ್ದು ಬ್ಯಾರೆ, ಕಣ್ಣು ಕಂಡದ್ದು ಬ್ಯಾರೆ ಇತ್ತು.

ನಿಮ್ಮ ಮುದುಕಪ್ಪನ ವಿಷಯ ಹಂಗೇ ಅದ ಅಂತ ನಾನು ಇಲ್ಲಿ ಕುಂತು ಹೇಳಂಗಿಲ್ಲ, ಅವ್ರ ಹತ್ರ ಹೋಗಿ ಕೇಳ್ರಿ. ಆದ್ರ ನೀವು ಹಿಂಗ ಹೇಳ್ರಿ ಅಂತ ಒಂದು ಮಾತೂ ಕಲಿಸಬ್ಯಾಡ್ರಿ, ಕಲಿಸಿದ್ದು ಎದುರಿನ ವಕೀಲರು ಪ್ರಶ್ನೆ ಕೇಳೋ ಕ್ರಾಸ್‌ನಾಗ ಹತ್ತು ನಿಮಿಷಕ್ಕ ಬಯಲಾಗ್ತದ.

ಅದ್ರ ಜೋಡಿ ಚಾರ್ಜ್‌ಶೀಟಿನ ಪೂರಾ ಕಟ್ಟು ತಗೋರಿ, ಮೊದಲ ಪುಟ ಅಷ್ಟೇ ಸಾಲಂಗಿಲ್ಲ. ಪೊಲೀಸರು ಹೊಸ ಗಾಡಿಗ ಹೆಂಗ ಮುಟ್ಟಿದ್ರು ಅನ್ನೋದು ಅದ್ರಾಗ ಇರಬೇಕು. ಪೆಟ್ರೋಲ್ ಬಂಕಿನ ಸಿಸಿಟಿವಿಯೋ, ಮುದುಕಪ್ಪನ ಎರಡನೇ ಹೇಳಿಕೆಯೋ. ಮಾಲಕನಿಗ ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನ ನೋಟಿಸ್ ಕೊಟ್ಟಿರ್ತಾರ, ಆ ದಿನ ಗಾಡಿ ಯಾರು ಓಡಸ್ತಿದ್ರು ಹೇಳು ಅಂತ, ಅದಕ್ಕ ಅಂವ ಕೊಟ್ಟ ಉತ್ತರ ನಿಮಗ ಹತ್ತು ಸಾಕ್ಷಿಗ ಸಮ. ಆಮ್ಯಾಲ ಐಎಂವಿ ರಿಪೋರ್ಟ್, ಆರ್‌ಟಿಓದ ಇನ್ಸ್‌ಪೆಕ್ಟರ್ ಬೈಕ್, ಪಿಕಪ್ ಎರಡೂ ನೋಡಿ ಬರ್ದದ್ದು. ಪಿಕಪ್ಪಿನ ಎಡಗಡೆ ಬಂಪರ್ ಒಳಗ ಹೋಗ್ಯಾದ, ಹೆಡ್‌ಲೈಟ್ ಒಡದದ ಅಂತ ಇದ್ದು, ಸ್ಥಳ ಪಂಚನಾಮೆಯೊಳಗ ರೋಡಿನ ಮ್ಯಾಲ ಗಾಜಿನ ಚೂರು ಬಿದ್ದಿದ್ವು ಅಂತ ಇದ್ರ, ಎರಡನ್ನೂ ಜೋಡಿಸಿ ತೋರಿಸ್ರಿ. ಗಾಡಿ ಎಂಟು ತಿಂಗಳಿನಾಗ ರಿಪೇರಿ ಆಗಿಬಿಟ್ಟು ರಿಪೋರ್ಟಿನಾಗ ಏನೂ ಡ್ಯಾಮೇಜ್ ಇಲ್ಲ ಅಂತ ಬಂದಿದ್ರೂ ಗಾಬರಿ ಆಗಬ್ಯಾಡ್ರಿ. ಕ್ಲೇಮ್ ಕೇಸಿನಾಗ ಕ್ರಿಮಿನಲ್ ಕೇಸಿನಂಗ ಸಂಶಯಕ್ಕ ಜಾಗಾನೇ ಇಲ್ಲದಂಗ ಸಾಬೀತು ಮಾಡೋದು ಬೇಕಾಗಿಲ್ಲ, ಹಿಂಗ ಆಗಿರೋ ಸಂಭವ ಹೆಚ್ಚದ ಅನ್ನಿಸಿದ್ರ ಸಾಕು, ಸುಪ್ರೀಂ ಕೋರ್ಟ್ ಇದನ್ನ ಎಷ್ಟೋ ಸಲ ಹೇಳ್ಯಾದ. ಎಫ್‌ಐಆರ್ ತಡ ಆಯ್ತು ಅನ್ನೋದೊಂದೇ ಕಾರಣಕ್ಕ ಕ್ಲೇಮ್ ತಳ್ಳಿ ಹಾಕಬಾರದು ಅಂತ 2011ರಾಗೇ ಹೇಳಿ ಆಗ್ಯಾದ.

ಇನ್ನ ಹೊಸ ಪಾರ್ಟಿ ಮಾಡೋವಾಗ ಮತ್ತೊಮ್ಮೆ ತಪ್ಪು ಮಾಡಬ್ಯಾಡ್ರಿ, ಇದು ನಾನು ಪೆಟ್ಟು ತಿಂದು ಕಲ್ತ ಪಾಠ. ವಕೀಲಿ ಶುರು ಮಾಡಿ ಭಾಳ ವರ್ಷ ಆಗಿತ್ತು, ಸೊಕ್ಕೂ ಇತ್ತು, ಮೊಬೈಲ್ ಆ್ಯಪಿನಾಗ ಗಾಡಿ ನಂಬರ್ ಹೊಡದೆ, ಇನ್ಶೂರೆನ್ಸ್ ಕಂಪನಿ ಹೆಸರು ಬಂತು, ಅದನ್ನೇ ಎರಡನೇ ಎದುರುಗಾರ ಮಾಡಿ ಕೇಸ್ ಹಾಕಿದೆ. ಒಂದು ವರ್ಷದ ಮ್ಯಾಲ ಆ ಕಂಪನಿಯವ್ರು ಬಂದು ನಮ್ಮ ಪಾಲಿಸಿ ಶುರು ಆಗಿದ್ದೇ ಆಕ್ಸಿಡೆಂಟ್ ಆಗಿ ಎರಡು ತಿಂಗಳಿಗ ಅಂತ ತೋರಿಸಿದ್ರು. ಆ್ಯಪ್ ತೋರಿಸೋದು ಇವತ್ತಿನ ಪಾಲಿಸಿ, ನಮಗ ಬೇಕಾದ್ದು ಅಪಘಾತದ ದಿನ ಚಾಲ್ತಿ ಇದ್ದ ಪಾಲಿಸಿ. ಚಾರ್ಜ್‌ಶೀಟಿನ ಕಟ್ಟಿನಾಗ ಪಾಲಿಸಿ ಪ್ರತಿ ಇರ್ತದ, ಅದ್ರ ಮ್ಯಾಲಿನ ಶುರು ತಾರೀಖು, ಮುಗ್ಯೋ ತಾರೀಖು ಎರಡೂ ಬಟ್ಟು ಇಟ್ಟು ಓದ್ರಿ. ಆ ಕಕ್ಷಿದಾರರ ಹೆಣ್ಮಗಳು ನನ್ನ ಮುಖ ನೋಡಿದ್ದು ಇವತ್ತಿಗೂ ಮರ್ತಿಲ್ಲ.

ಮಾಲಕನ ವಿಷಯಾನೂ ಹಂಗೇ. ಪಿಕಪ್ ಗಾಡಿ ಅಂದ್ರ ಉದಗೀರ್‌ನಾಗ ಕೊಂಡದ್ದು, ಔರಾದ್‌ನಾಗ ಮಾರಿದ್ದು, ಬಾಂಡ್ ಪೇಪರ್ ಮ್ಯಾಲ ಸಹಿ, ಆರ್‌ಸಿ ಮಾತ್ರ ಹಳೇ ಹೆಸರಿನಾಗೇ. ಆವಾಗ ಯಾರನ್ನ ಪಾರ್ಟಿ ಮಾಡಬೇಕು ಅಂತ ಕೇಳಿದ್ರ, ಆರ್‌ಸಿಯೊಳಗ ಹೆಸರಿದ್ದವನೇ ಕಾಯ್ದೆ ಕಣ್ಣಿಗ ಮಾಲಕ, ಸುಪ್ರೀಂ ಕೋರ್ಟ್ 2018ರಾಗ ಇದನ್ನ ಸ್ಪಷ್ಟ ಮಾಡ್ಯಾದ, ನಾನು ಯಾವಾಗೋ ಮಾರೀನ್ರಿ ಅಂದ್ರ ನಡ್ಯಂಗಿಲ್ಲ. ಆದ್ರೂ ಕೊಂಡವನನ್ನೂ ಸೇರಿಸೋದು ಶಾಣ್ಯಾತನ. ಗಾಡಿ ಕೈ ಬದಲಾದ್ರೂ ಇನ್ಶೂರೆನ್ಸ್ ಗಾಡಿ ಜೋಡಿ ಹೋಗ್ತದ ಅಂತ 157ನೇ ಕಲಮು ಹೇಳ್ತದ, ಹಂಗಾಗಿ ಹೆಸರು ಬದಲಾಗಿಲ್ಲ ಅಂತ ಕಂಪನಿ ಕೈ ಝಾಡಿಸಕ್ಕ ಬರಂಗಿಲ್ಲ. ಮಾಲಕ ಸತ್ತೇ ಹೋಗಿದ್ರ ವಾರಸುದಾರರನ್ನ ತರ್ರಿ, ಸತ್ತವನ ಹೆಸರಿನ್ಯಾಗ ನೋಟಿಸ್ ಕಳಿಸಿ ವರ್ಷ ಹಾಳು ಮಾಡಬ್ಯಾಡ್ರಿ. ಹೆಸರಿನ ಸ್ಪೆಲ್ಲಿಂಗ್, ಅಪ್ಪನ ಹೆಸರು, ಕಂಪನಿಯ ಬ್ರಾಂಚ್ ವಿಳಾಸ ತಪ್ಪಿದ್ದೆಲ್ಲಾ ಸಣ್ಣ ಮಾತು, ಮನುಷ್ಯ ಅವನೇ ಇದ್ದ ಮ್ಯಾಲ ಯಾವಾಗ ಬೇಕಾದ್ರೂ ತಿದ್ದಬಹುದು.

ಪೊಲೀಸರು ತಡ ಮಾಡಿದ್ದಕ್ಕ ನಾವ್ಯಾಕ ಕಳ್ಕೋಬೇಕು ಅಂತ ಕೇಳೀರಿ. ಕಳ್ಕೋಬಾರದು, ಅದನ್ನ ಕೋರ್ಟಿನಾಗ ಹೇಳಕ್ಕ ದಾರಿನೂ ಅದ. 2022ರ ಏಪ್ರಿಲ್‌ನಿಂದ ಜಾರಿಗ ಬಂದ ನಿಯಮದ ಪ್ರಕಾರ ತನಿಖಾಧಿಕಾರಿ 48 ತಾಸಿನೊಳಗ ಮೊದಲ ಅಪಘಾತ ವರದಿ, 50 ದಿನದೊಳಗ ಮಧ್ಯಂತರ ವರದಿ, 90 ದಿನದೊಳಗ ಪೂರ್ತಿ ವಿವರದ ವರದಿ ಟ್ರಿಬ್ಯುನಲ್‌ಗ ಕೊಡಬೇಕು, ಅದನ್ನ ಕಟ್ಟುನಿಟ್ಟು ಪಾಲಿಸ್ರಿ ಅಂತ 2022ರ ಡಿಸೆಂಬರ್‌ನಾಗ ಸುಪ್ರೀಂ ಕೋರ್ಟೂ ಹೇಳ್ತು. 166(4)ರ ಪ್ರಕಾರ 159ನೇ ಕಲಮಿನಡಿ ಪೊಲೀಸರು ಕಳಿಸಿದ ವರದಿಯನ್ನೇ ಟ್ರಿಬ್ಯುನಲ್ ಪರಿಹಾರದ ಅರ್ಜಿ ಅಂತ ತಗೋಬೇಕು. ಹಂಗಾಗಿ ಬೀದರ್ ಟ್ರಿಬ್ಯುನಲ್ ಆಫೀಸಿನಾಗ ನಿಮ್ಮ ಕ್ರೈಂ ನಂಬರ್ ಮ್ಯಾಲ ಯಾವ ವರದಿ ಯಾವ ತಾರೀಖಿಗ ಬಂದದ ಅಂತ ತಪಾಸ ಮಾಡ್ರಿ. ಹೊಸ ಗಾಡಿ ಹೆಸರಿದ್ದ ವರದಿ ಆರು ತಿಂಗಳೊಳಗ ಬಂದಿದ್ರ ಎದುರಿನವ್ರ ಬಾಯಿ ಅಲ್ಲಿಗೇ ಬಂದ್. ಬಂದಿಲ್ಲಂದ್ರ, ಮೂರು ತಿಂಗಳಿಗ ಆಗಬೇಕಾದ ಸರ್ಕಾರದ ಕೆಲಸ ಎಂಟು ತಿಂಗಳಿಗ ಆಯ್ತು, ಅದ್ರ ಹೊರಿ ವಿಧವೆ ತಲಿ ಮ್ಯಾಲ ಹಾಕಬ್ಯಾಡ್ರಿ ಅಂತ ಅಫಿಡವಿಟ್‌ನಾಗ ತಾರೀಖು ಸಮೇತ ಬರಸ್ರಿ.

ಹಳೇ ಅರ್ಜಿ ಉಳಿಸ್ಕೋರಿ ಅಂದದ್ದಕ್ಕ ಇನ್ನೊಂದು ಕಾರಣ ರೊಕ್ಕದ್ದು. 171ನೇ ಕಲಮಿನ ಪ್ರಕಾರ ಬಡ್ಡಿ ಅರ್ಜಿ ಹಾಕಿದ ದಿನದಿಂದ ಕೊಡಸಬಹುದು, ಅದಕ್ಕೂ ಹಿಂದಿನಿಂದ ಇಲ್ಲ. ಹೊಸದು ಹಾಕಿದ್ರ ನಾಲ್ಕು ತಿಂಗಳ ಬಡ್ಡಿ ಸುಮ್ನ ಹೋಯ್ತು.

ಒಂದು ವೇಳೆ ಹೊಸ ಗಾಡೀನೂ ಅಲ್ಲ ಅಂತಾಗಿ ಬಡದ ಗಾಡಿ ಯಾವುದೂ ಗೊತ್ತೇ ಆಗಲಿಲ್ಲ ಅಂದ್ರ, 161ನೇ ಕಲಮಿನಡಿ ಹಿಟ್ ಅಂಡ್ ರನ್ ಪರಿಹಾರ ಅದ, ಸಾವಿಗ 2 ಲಕ್ಷ, ಭಾರೀ ಗಾಯಕ್ಕ 50 ಸಾವಿರ, ಅರ್ಜಿ ಕೊಡೋದು ತಹಸೀಲ್ದಾರ್ ಮಟ್ಟದ ಅಧಿಕಾರಿಗ, ಕೋರ್ಟಿಗಲ್ಲ. ಗೌಂಡಿ ಕೆಲಸದ ದುಡಿಮಿ, ಎರಡು ಮಕ್ಕಳು, ಅವ್ವ ಇರೋ ಮನಿಗ ಅದು ಏನೇನೂ ಸಾಲಂಗಿಲ್ಲ, ಅದಕ್ಕ ಅದು ಕಡೀ ದಾರಿ. ಟ್ರಿಬ್ಯುನಲ್ ನಿಮ್ಮ ಐಎಯನ್ನ ಲಿಮಿಟೇಶನ್ ಅಂತ ತಳ್ಳಿದ್ರೂ ಅಲ್ಲಿಗೇ ಮುಗೀಲಿಲ್ಲ, ಬೀದರ್ ಕೇಸಿಗ ನಮ್ಮ ಕಲಬುರಗಿ ಹೈಕೋರ್ಟ್ ಪೀಠ ಅದ, ರಿಟ್ ಹಾಕಬಹುದು, ಬೆಂಗಳೂರಿನ ತನಕ ಓಡಾಡೋ ಕಾಲ 2008ಕ್ಕೇ ಮುಗೀತು.

ಮುಂದಿನ ತಾರೀಖು ಯಾವಾಗದ ಬರ್ದಿಲ್ಲ ನೀವು. ಅಷ್ಟರೊಳಗ ಎರಡೂ ಐಎ ತಯಾರಿರಲಿ, ಅಫಿಡವಿಟ್ ವೈನಿಯವ್ರದ್ದೇ ಆಗಬೇಕು, ಚಾರ್ಜ್‌ಶೀಟಿನ ಸರ್ಟಿಫೈಡ್ ಪ್ರತಿ ಜೋಡಿಸಿರಬೇಕು. ಆಮ್ಯಾಲ ಮುದುಕಪ್ಪನ ಮನಿಗ ಹೋದಾಗ ಇದೊಂದು ಮಾತು ಕೇಳ್ಕೊಂಡು ಬರ್ರಿ, ಆ ದಿನ ಆಡು ಕಾಯಕ್ಕ ಹೋದಾಗ ಕಣ್ಣಿಗ ಚಾಳೀಸ್ ಹಾಕ್ಕೊಂಡಿದ್ರೋ ಇಲ್ಲೋ ಅಂತ, ಯಾಕಂದ್ರ ಎದುರಿನ ವಕೀಲರು ಮೊದಲು ಕೇಳೋದೇ ಅದು.